ಕುಂಕುಮದ ತಟ್ಟೆ

"ಆ ಪಾತೇಲ್ಯಾಗ ಬ್ಯಾಡ," ಎಂದಳು ಕಲ್ಲವ್ವ.

ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಡುತ್ತಿದ್ದ ಮಗಳು ಸ್ನೇಹಲ್ ತಿರುಗಿ ನೋಡಿದಳು. "ಅಪ್ಪನ ಮೈ ತೊಳೀಲಿಕ್ಕೆ ಬ್ಯಾರೆ ದೊಡ್ಡದು ಎಲ್ಲದವ್ವಾ?"

ನಿನ್ನೆ ಶನಿವಾರ ಸಂಜೆ ಎದೆ ಹಿಡಿದುಕೊಂಡು ಕೂತ ಗಂಡ ಅಂಬಣ್ಣ ಮತ್ತೆ ಏಳಲಿಲ್ಲ. ಹನ್ನೊಂದು ವರ್ಷ ಇದೇ ಪಾತೇಲಿಯ ನೀರಿನಲ್ಲಿ ಮಿಂದವನಿಗೆ ಇವತ್ತು ಮಾತ್ರ ಬೇಡವೆಂದರೆ ಯಾರು ಕೇಳುತ್ತಾರೆ? ಸ್ಟೀಲಿನ ಕಂಠದ ಮೇಲೆ ಅವನೇ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿ ತಂದ ಅಕ್ಷರಗಳಿದ್ದವು: ಸೌ. ಕಲ್ಲವ್ವ, ೧೯೯೩.

*

ಮರಾಠಿ ಸೀಮೆಯ ಶಿವಾಜಿನಗರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅಂಬಣ್ಣನಿಗೆ ತಾಯಿಯ ಮುಖ ನೆನಪಿರಲಿಲ್ಲ. ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ನಾಗವ್ವ, ಮಗನಿಗೆ ಮೂರು ತುಂಬುವ ಮೊದಲೇ ತೀರಿಕೊಂಡಿದ್ದಳು. ಒಂದು ಫೋಟೋ ಸಹ ಇರಲಿಲ್ಲ. ಇದ್ದದ್ದು ಅವಳು ಹಾಡಿದ ಒಂದೇ ಒಂದು ಗ್ರಾಮೊಫೋನ್ ತಟ್ಟೆ. ಭಾನುವಾರ ಮಿಂದು ಬಂದವನೇ ಗೋಡೆಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಅದನ್ನು ಕೇಳುತ್ತಿದ್ದ. ಆಯುಧಪೂಜೆಯ ದಿನ ಕಲ್ಲವ್ವ ಅದರ ನಡುವಿನ ಕಾಗದಕ್ಕೆ, ಅತ್ತೆಗೆಂದು, ಕುಂಕುಮ ಹಚ್ಚುತ್ತಿದ್ದಳು.

೧೯೯೩ರಲ್ಲಿ ಬಾಡಿಗೆ ಮನೆ ಬದಲಿಸಿದ್ದರು. ದೀಪಾವಳಿಯ ಮುಂಚೆ, ಹಳೆ ಬಟ್ಟೆಗೆ ಪಾತ್ರೆ ಕೊಡುವ ಬೋಹಾರಿಣ ಬಾಗಿಲಿಗೆ ಬಂದಳು. ನಾಲ್ಕು ಸೀರೆಗೆ ದೊಡ್ಡ ಪಾತೇಲಿ ಬರುವುದಿಲ್ಲವೆಂದಳು. ಕಲ್ಲವ್ವ ಅಟ್ಟದ ಮೇಲೆ ಕೇಳದೆ ಬಿದ್ದಿದ್ದ ಹಳೆ ಗ್ರಾಮೊಫೋನ್ ತಟ್ಟೆಗಳ ಕಟ್ಟನ್ನೂ ಕೊಟ್ಟಳು. ಮನೆ ಬದಲಿಸಿದ ಗಡಿಬಿಡಿಯಲ್ಲಿ ಅತ್ತೆಯ ತಟ್ಟೆಯೂ ಅದೇ ಕಟ್ಟಿನಲ್ಲಿ ಸೇರಿದ್ದು ಅವಳಿಗೆ ಗೊತ್ತಿರಲಿಲ್ಲ.

ಭಾನುವಾರ ಅಂಬಣ್ಣ ಮನೆಯೆಲ್ಲ ಹುಡುಕಿದ. ಎಲ್ಲಿ ಹೋಯಿತೆಂದು ಆಗ ಹೊಳೆದರೂ, ಸಾಮಾನು ಸಾಗಿಸುವಾಗ ಕಳೆದಿರಬೇಕೆಂದು ಕಲ್ಲವ್ವ ಸುಳ್ಳು ಹೇಳಿದಳು. ಅವನು ಹೊಸ ಪಾತೇಲಿಯನ್ನು ಒಂದು ಗಳಿಗೆ ನೋಡಿದ. ಎರಡು ದಿನ ಬಿಟ್ಟು ಅದನ್ನು ಒಯ್ದು ಅವಳ ಹೆಸರು ಹಾಕಿಸಿಕೊಂಡು ಬಂದ.

ಅಲ್ಲಿಂದ ಶುರುವಾಯಿತು ಹಳೆ ಸಾಮಾನಿನ ಸಂತೆ ಜುನಾ ಬಜಾರಿನ ಹುಚ್ಚು. ಬುಧವಾರ, ಭಾನುವಾರ ತಪ್ಪಿಸುತ್ತಿರಲಿಲ್ಲ. ಯಾರದೋ ತಟ್ಟೆ, ಹರಕು ಸ್ಪೀಕರು, ಮೊಂಡು ಮುಳ್ಳು ಹೊತ್ತು ತರುತ್ತಿದ್ದ. "ಭಂಗಾರದಾಗ ಏನ್ ಬಂಗಾರ ಸಿಗ್ತದ್ರಿ?" ಎಂದು, ಗುಜರಿಗೆ ಮರಾಠಿಯವರು ಭಂಗಾರ ಅನ್ನುವುದನ್ನು ಹಿಡಿದು ಅವಳು ಛೇಡಿಸಿದರೆ ನಕ್ಕುಬಿಡುತ್ತಿದ್ದ. ಎಷ್ಟೋ ಸಲ ನಿಜ ನಾಲಿಗೆಯ ತುದಿಗೆ ಬರುತ್ತಿತ್ತು. ಇನ್ನೊಂದು ರೊಟ್ಟಿ ಹಾಕಿ ಅವಳು ಒಳಗೆ ಹೋಗಿಬಿಡುತ್ತಿದ್ದಳು.

*

ಮೈ ತೊಳೆದು, ವಿಭೂತಿ ಹಚ್ಚಿ, ಪದ್ಧತಿಯಂತೆ ಅಂಬಣ್ಣನನ್ನು ಗೋಡೆಗೆ ಆನಿಸಿ ಕೂರಿಸಿದರು. ಗಾಡಿ ಬರುವುದು ತಡವಿತ್ತು. ಅಷ್ಟರಲ್ಲಿ ಜುನಾ ಬಜಾರಿನಲ್ಲಿ ಹಳೆ ರೇಡಿಯೊ ಮಾರುವ ಅವಧೂತ ಎಂಬವನು, ಪೇಪರಿನಲ್ಲಿ ಸುತ್ತಿದ್ದೊಂದನ್ನು ಎದೆಗವಚಿಕೊಂಡು ಬಂದ. ಕಲ್ಲವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು ಮರಾಠಿಯಲ್ಲಿ ಹೇಳತೊಡಗಿದ. ಬುಧವಾರ ಸಾಹೇಬರು ಹೋದ ಮೇಲೆ ಬಂದ ಗೋಣಿಯಲ್ಲಿ ಇದು ಸಿಕ್ಕಿತಂತೆ. ಇವತ್ತು ಬರುತ್ತಾರೆಂದು ಕಾದು, ಸುದ್ದಿ ಕೇಳಿ ಓಡಿ ಬಂದನಂತೆ. ಕಾಗದ ಬಿಚ್ಚಿದ. ತಟ್ಟೆಯ ನಡುವೆ ಮಾಸಿದ ಕುಂಕುಮ.

"ವಹಿನಿ, ಬೋಹಾರಿಣ ಒಯ್ದದ್ದು ಸಾಹೇಬರಿಗೆ ಅವತ್ತೇ ಗೊತ್ತಿತ್ತು. ನಿಮಗೆ ಹೇಳಬೇಡ ಎಂದಿದ್ದರು. 'ಸಿಕ್ಕ ದಿನ, ಅಟ್ಟದ ಮೇಲೇ ಇತ್ತು ನೋಡು ಅಂತ ನಾನೇ ಅವಳಿಗೆ ಹೇಳುತ್ತೇನೆ' ಎನ್ನುತ್ತಿದ್ದರು."

ಕಲ್ಲವ್ವ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಹನ್ನೊಂದು ವರ್ಷ ತಾನು ಬಚ್ಚಿಟ್ಟದ್ದನ್ನು ಅವನೂ ತನಗಾಗಿ ಬಚ್ಚಿಟ್ಟಿದ್ದ. ಒಂದು ಮಾತು ಆಡಿದ್ದರೆ ಇಬ್ಬರೂ ಕೂಡಿ ಹುಡುಕಬಹುದಿತ್ತು.

"ಸ್ನೇಹಲ್, ಇದನ್ನ ಗ್ರಾಮೊಫೋನಿಗೆ ಹಚ್ಚು."

"ಈಗೇನವ್ವಾ? ಮಂದಿ ಏನಂದಾರು?"

"ಹಚ್ಚು." ಅವಳು ಗಂಡನ ಹತ್ತಿರ ಸರಿದು ಕೂತಳು. "ಪಾತೇಲಿ ಸಲುವಾಗಿ ನಾನಽ ಕೊಟ್ಟಿದ್ದೆರಿ."

ಮುಳ್ಳು ಸರಸರ ಎಂದಿತು. ಆಮೇಲೆ ಎಳೆಯ ಹೆಣ್ಣಿನ ದನಿಯೊಂದು ಹಾಡತೊಡಗಿತು. ಗೋಡೆಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ, ಅಂಬಣ್ಣ ಭಾನುವಾರದ ಹಾಗೆಯೇ ಕೂತಿದ್ದ.