ದ್ಯಾಮಣ್ಣನ ಬಲಗೈಯ ಲಾಠಿ

ನಾನು ಒಂದು ಲಾಠಿ. ಈಗ ನೋಡಿದವರು ಊರುಗೋಲು ಎನ್ನುತ್ತಾರೆ. ನಾನು ತಿದ್ದುವುದಿಲ್ಲ.

ದಾಂಡೇಲಿ ಕಡೆಯ ಒಂದು ಮೆಳೆಯಲ್ಲಿ ಗಂಡುಬಿದಿರಾಗಿ ಹುಟ್ಟಿದೆ. ನನ್ನೊಳಗೆ ಟೊಳ್ಳಿಲ್ಲ. ಹಾಗಾಗಿ ಕೊಳಲು ಮಾಡುವವರು ನನ್ನನ್ನು ಮುಟ್ಟಲಿಲ್ಲ, ಬುಟ್ಟಿ ಹೆಣೆಯುವವರೂ ಮುಟ್ಟಲಿಲ್ಲ. ಕಡಿದವರು ಬೆಂಕಿಗೆ ಹಿಡಿದು ನನ್ನ ಸೊಟ್ಟ ತೆಗೆದರು, ಎಣ್ಣೆ ಕುಡಿಸಿದರು, ತುದಿಗೆ ಚರ್ಮದ ಬಾರು ಕಟ್ಟಿದರು. ತೆಂಗಿನ ಹಗ್ಗದಲ್ಲಿ ಬಿಗಿದ ಕಟ್ಟಿನೊಳಗೆ, ನನ್ನಂಥವರೇ ಇಪ್ಪತ್ತೈದು ಮಂದಿಯ ಜೊತೆ, ತುಂಗಭದ್ರೆಯ ಈಚೆಗಿನ ಒಂದು ಜಿಲ್ಲಾ ಕೇಂದ್ರಕ್ಕೆ ಬಂದೆ. ಅಲ್ಲಿನ ಮೀಸಲು ಪೊಲೀಸ್ ಪಡೆಯ ಉಗ್ರಾಣದಲ್ಲಿ ಕಾದ ಕಂಬಿಯಿಂದ ನನ್ನ ಮೈಮೇಲೆ ೩೧೭ ಎಂದು ಬರೆದರು. ಸುಟ್ಟ ವಾಸನೆ ವಾರದವರೆಗೆ ಇತ್ತು. ಆಮೇಲೆ ಅದೇ ನನ್ನ ಹೆಸರಾಯಿತು.

ಮೊದಲ ಒಡೆಯ ಭರಮಗೌಡ ಎಂಬ ಗಟ್ಟಿ ಆಳು. ಆರು ವರ್ಷ ಅವನ ಕೈಯಲ್ಲಿದ್ದೆ. ಆ ಆರು ವರ್ಷದಲ್ಲಿ ಎಷ್ಟು ಸಲ ಮೇಲೆದ್ದೆ, ಎಷ್ಟು ಸಲ ಇಳಿದೆ ಎಂಬುದು ನೆನಪಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಮೆರವಣಿಗೆಯ ದಿನ ಒಬ್ಬ ಮುದುಕ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕುಳಿತಿದ್ದ. ಅಂದು ನನ್ನ ಮೇಲ್ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಅದರ ಬಗ್ಗೆ ಭರಮಗೌಡ ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಅವನಿಗೆ ವರ್ಗವಾದಾಗ ನಾನು ಉಗ್ರಾಣಕ್ಕೆ ಮರಳಿದೆ. ಅಲ್ಲಿಂದ ದ್ಯಾಮಣ್ಣ ಕವಲೂರರ ಕೈಗೆ ಬಂದೆ.

ದ್ಯಾಮಣ್ಣ ಬಡಕಲು ಕಾನ್‌ಸ್ಟೇಬಲ್. ಅವರನ್ನು ಎಸ್‌ಪಿ ಸಾಹೇಬರ ಬಂಗಲೆಗೆ ಆರ್ಡರ್ಲಿ ಎಂದು ಹಾಕಿದ್ದರು. ಅಲ್ಲಿ ಒಂಬತ್ತು ವರ್ಷ ಸಾಹೇಬರ ಬೂಟು ಉಜ್ಜಿದರು, ಬಾಯಿಸಾಹೇಬರ ತರಕಾರಿ ಚೀಲ ಹಿಡಿದರು, ನಾಯಿಯನ್ನು ತಿರುಗಾಡಿಸಿದರು. ನನ್ನಿಂದ ನುಗ್ಗೆಕಾಯಿ ಉದುರಿಸಿದರು, ಮಂಗಗಳನ್ನು ಓಡಿಸಿದರು. ನನ್ನ ಬದುಕಿನ ಹಗುರ ದಿನಗಳು ಅವು. ಈಗಲೂ ಮಧ್ಯಾಹ್ನದ ಹೊತ್ತು ಆ ನುಗ್ಗೆಮರದ ನೆರಳು ನೆನಪಾಗುತ್ತದೆ.

ಸಾಹೇಬರ ಕಾರಿನ ಹಾರನ್ ತಿರುವಿನಲ್ಲಿ ಕೇಳಿದರೆ ಸಾಕು, ನಾನು ಎಡಗೈಗೆ ಹೋಗುತ್ತಿದ್ದೆ, ಅವರ ಬಲಗೈ ಹಣೆಗೆ ಏರುತ್ತಿತ್ತು. ಒಳಗೆ ಯಾರಿದ್ದಾರೆ ಎಂದು ನೋಡುವ ಮೊದಲೇ ಸೆಲ್ಯೂಟ್. ಹಲವು ಸಲ ಒಳಗೆ ಡ್ರೈವರ್ ಮಾತ್ರ ಇರುತ್ತಿದ್ದ. "ನನಗ ಹೊಡದ್ಯೋ, ಸೀಟಿಗೆ ಹೊಡದ್ಯೋ?" ಎಂದು ಅವನು ನಗುತ್ತಿದ್ದ. ದ್ಯಾಮಣ್ಣ ಕೈ ಇಳಿಸಿ ಗೇಟು ಮುಚ್ಚುತ್ತಿದ್ದರು. ಆ ಕ್ಷಣ ಅವರ ಮುಖದಲ್ಲಿ ಏನಿರುತ್ತಿತ್ತು ಎಂಬುದು ನನ್ನ ಎತ್ತರದಿಂದ ಕಾಣುತ್ತಿರಲಿಲ್ಲ. ಹಿಡಿತ ಬಿಗಿಯಾಗುತ್ತಿತ್ತು, ಅಷ್ಟು ಗೊತ್ತು.

ಆಮೇಲೆ ಠಾಣೆ, ಬಂದೋಬಸ್ತು, ಬಡ್ತಿ. ಎಎಸ್‌ಐ ಆಗಿ ನಿವೃತ್ತರಾದರು. ಅದೇ ತಿಂಗಳು ಬಿರುಕು ಬಿಟ್ಟ ಲಾಠಿಗಳನ್ನು ಒಲೆಗೆ ಹಾಕಲು ಬೇರೆ ತೆಗೆದಿಟ್ಟಿದ್ದರು. ದ್ಯಾಮಣ್ಣ ಉಗ್ರಾಣದವನ ಮುಂದೆ ನಿಂತು ನನ್ನನ್ನು ಕೇಳಿದರು. "ಇದರಾಗ ಏನೈತ್ರೀ, ಒಯ್ಯಿರಿ" ಎಂದ ಅವನು. ಬಡಗಿ ನನ್ನ ಬಿರುಕು ಬಿಟ್ಟ ತುದಿಯನ್ನು ಕೊಯ್ದು, ಕೆಳಗೆ ರಬ್ಬರ್ ತೊಡಿಸಿದ.

ನಿವೃತ್ತಿಯ ಜೊತೆ ಅವರಿಗೆ ಒಂದು ಗುರುತಿನ ಚೀಟಿ ಬಂತು. ಅದನ್ನು ತೋರಿಸಿದರೆ ಪೊಲೀಸ್ ಕ್ಯಾಂಟೀನ್ ತೆರೆಯುತ್ತಿತ್ತು, ಪೊಲೀಸ್ ಆಸ್ಪತ್ರೆಯಲ್ಲಿ ಸಾಲು ತಪ್ಪುತ್ತಿತ್ತು. ಅಲ್ಲಿನ ಡಾಕ್ಟರು ಬಲಮೊಣಕಾಲು ಒತ್ತಿ ನೋಡಿ, "ಕೋಲು ಎಡಗೈಯಲ್ಲೇ ಇರಲಿ, ಬಲಕ್ಕೆ ಹಿಡಿದರೆ ಕಾಲು ಹೋಗುತ್ತೆ" ಎಂದರು. ಹಾಗೆ ನಾನು ಎಡಗೈಯವನಾದೆ. ಬಲಗೈ ಖಾಲಿಯಾಗಿತ್ತು. ಬೀದಿಯಲ್ಲಿ ಇಲಾಖೆಯ ಜೀಪು ಹಾದರೆ ಅದು ಎಂದಿನಂತೆ ಹಣೆಗೆ ಏರುತ್ತಿತ್ತು.

ಒಂದು ವರ್ಷ ಮಾರ್ಚ್ ಕೊನೆಗೆ ರಿಸರ್ವ್ ಇನ್‌ಸ್ಪೆಕ್ಟರ್ ಮನೆಗೆ ಬಂದರು. ಏಪ್ರಿಲ್ ಎರಡು ಪೊಲೀಸ್ ಧ್ವಜ ದಿನ. ಅಂದಿನ ಪರೇಡಿಗೆ ಮುಖ್ಯ ಅತಿಥಿಯಾಗುವುದು ಮಂತ್ರಿಯಲ್ಲ, ಶಾಸಕರಲ್ಲ. ನಿವೃತ್ತರಾದ ಒಬ್ಬ ಪೊಲೀಸ್. ಎಸ್‌ಪಿಯೂ ಅವರಿಗೇ ಸೆಲ್ಯೂಟ್ ಹೊಡೆಯಬೇಕು. ಆ ವರ್ಷ ಆ ಗೌರವ ದ್ಯಾಮಣ್ಣರದು.

ದ್ಯಾಮಣ್ಣ ಇನ್‌ಸ್ಪೆಕ್ಟರಿಗೆ ಕುರ್ಚಿ ಎಳೆದು ಹಾಕಿದರು. ಆಮೇಲೆ, "ನಾ ಏನ್ ಮಾಡಬೇಕ್ರೀ?" ಎಂದರು.

"ಏನೂ ಇಲ್ಲ. ಅದ ನೋಡ್ರಿ ನಿಮ್ಮ ಕೆಲಸ" ಎಂದು ಇನ್‌ಸ್ಪೆಕ್ಟರ್ ನಕ್ಕರು. "ಮೈಮ್ಯಾಲೆ ಯೂನಿಫಾರ್ಮ್ ಇಲ್ಲ, ತಲಿಮ್ಯಾಲೆ ಟೋಪಿ ಇಲ್ಲ. ಕೈ ಎತ್ತೂದಿಲ್ಲ. ಸಾವಧಾನ ನಿಂತು ತಗೊಳ್ಳೂದು, ಅಷ್ಟ."

ತಾಲೀಮಿನ ದಿನ ಮೈದಾನದ ವೇದಿಕೆಯ ಮೇಲೆ ನಿಂತರು. ಎಸ್‌ಪಿಯ ಜಾಗದಲ್ಲಿ ಒಬ್ಬ ಹವಾಲ್ದಾರ್ ನಿಂತು ಸೆಲ್ಯೂಟ್ ಹೊಡೆದ. ದ್ಯಾಮಣ್ಣರ ಬಲಗೈ ಅವನಿಗಿಂತ ಮೊದಲೇ ಎದ್ದಿತ್ತು. ಸಾಲಿನಲ್ಲಿ ನಿಂತ ಮಹಿಳಾ ಕಾನ್‌ಸ್ಟೇಬಲ್‌ಗಳು ತುಟಿ ಕಚ್ಚಿ ನಗು ತಡೆದರು. "ಇನ್ನೊಮ್ಮೆ" ಎಂದರು ಇನ್‌ಸ್ಪೆಕ್ಟರ್. ಇನ್ನೊಮ್ಮೆಯೂ ಎದ್ದಿತು.

ಕ್ಯಾಂಟೀನಿನಲ್ಲಿ ಅವರ ಜೊತೆಯವರೇ ಆದ ನಿವೃತ್ತ ಹವಾಲ್ದಾರ್ ಖಾದರಸಾಬ ಕಾಯುತ್ತಿದ್ದರು. "ಎದ್ದ ಏಳ್ತದ ಬಿಡೋ ದ್ಯಾಮ್ಯಾ. ಆರ್ಡರ್ಲಿ ಕೈ ಅದು. ಎಸ್‌ಪಿ ಮೇಡಂ ಬೂಟು ಒರಸಾಕ ಕುಂತರೂ ಕುಂತಿ, ಜ್ವಾಕಿ!"

ಎಲ್ಲರೂ ನಕ್ಕರು. ದ್ಯಾಮಣ್ಣ ಕೂಡ ನಕ್ಕರು. ಆದರೆ ನನ್ನ ಹಿಡಿ ಒದ್ದೆಯಾಯಿತು.

ಮನೆಯಲ್ಲಿ ಹೆಂಡತಿ ನೀಲವ್ವನಿಗೆ ಹೇಳಿದರು. ಅವಳು ರೊಟ್ಟಿ ತಟ್ಟುವುದನ್ನು ಬಿಟ್ಟು ಎದ್ದು ನಿಂತಳು. "ನಾನ ಎಸ್‌ಪಿ ಆಗ್ತೀನಿ. ನಿಂದರ್ರಿ ನೋಡೋಣು." ಹಿಟ್ಟಿನ ಕೈಯನ್ನೇ ಹಣೆಗೆ ಇಟ್ಟಳು. ದ್ಯಾಮಣ್ಣರ ಕೈ ಚಟ್ಟನೆ ಎದ್ದಿತು.

ನೀಲವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು. "ಮೂವತ್ತೆಂಟ ವರ್ಷ ಸಂಸಾರ ಮಾಡೀನಿ, ಒಂದ ಸಲ ಸೆಲ್ಯೂಟ್ ಹೊಡೀಲಿಲ್ಲ. ಇವತ್ತ ಹೊಡದ್ರಿ ನೋಡ್ರಿ!"

ದ್ಯಾಮಣ್ಣ ನಗಲಿಲ್ಲ. "ನಗಬ್ಯಾಡ" ಎಂದರು. "ನಾಳೆ ಕೈ ಎದ್ದರ ಅಲ್ಲಿ ಮುಖ್ಯ ಅತಿಥಿ ಇರೂದಿಲ್ಲ. ಗೇಟು ತೆಗಿಯಾವ ನಿಂತಿರ್ತಾನ. ಎಲ್ಲಾರಿಗೂ ಕಾಣಸ್ತಾನ. ಒಂದ ದಿನ ಈ ಕೈ ನನ್ನ ಮಾತ ಕೇಳಬೇಕು ನೀಲಿ."

ನೀಲವ್ವನ ನಗು ನಿಂತಿತು. ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು. ಇಬ್ಬರೂ ಅದನ್ನು ತೆಗೆಯಲಿಲ್ಲ.

ಬೆಳಿಗ್ಗೆ ಬಿಳಿ ಅಂಗಿ, ಬಿಳಿ ಪಂಚೆ. ಹೊರಡುವಾಗ ಅವರು ನನ್ನನ್ನು ಎಡಗೈಯಿಂದ ತೆಗೆದು ಬಲಗೈಗೆ ಕೊಟ್ಟುಕೊಂಡರು. "ಡಾಕ್ಟರ್ ಏನ್ ಹೇಳ್ಯಾರ?" ಎಂದಳು ನೀಲವ್ವ. "ಕಾಲು ನೋಯಲಿ" ಎಂದರು.

ನೋಯಿತು. ವೇದಿಕೆಯ ನಾಲ್ಕು ಮೆಟ್ಟಿಲು ಹತ್ತುವಾಗ ನನ್ನ ಮೇಲೆ ಬಿದ್ದ ಭಾರದಿಂದಲೇ ನನಗದು ತಿಳಿಯಿತು. ಮೈದಾನದಲ್ಲಿ ಆರು ತುಕಡಿ, ಬ್ಯಾಂಡು, ಶಾಮಿಯಾನದಲ್ಲಿ ಖಾದರಸಾಬ ಮತ್ತು ಇತರರು. ಎಸ್‌ಪಿ ಮೇಡಂ ದ್ಯಾಮಣ್ಣರ ಮಗಳ ವಯಸ್ಸಿನವರು. ಕತ್ತಿಯಂತೆ ನೆಟ್ಟಗೆ ನಡೆದು ಬಂದು ಮೂರು ಹೆಜ್ಜೆ ದೂರದಲ್ಲಿ ನಿಂತರು. ಮೇಡಂ ಕೈ ಹಣೆಗೆ ಏರಿತು.

ನನ್ನ ರಬ್ಬರ್ ಕಾಲು ನೆಲ ಬಿಟ್ಟಿತು.

ಎರಡು ಬೆರಳಷ್ಟು. ನಾನು ಗಾಳಿಯಲ್ಲಿದ್ದೆ. ಆ ಮಣಿಕಟ್ಟಿನೊಳಗೆ ಮೂವತ್ತೈದು ವರ್ಷಗಳ ಎಳೆತ ಇತ್ತು. ಎತ್ತಿದ ಕಡೆಗೆ ಹೋಗುವುದು ಬಿಟ್ಟು ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಕೋಲಿಗೆ ತನ್ನದೇ ಮನಸ್ಸು ಇರುವುದಿಲ್ಲ ಎನ್ನುತ್ತಾರೆ, ಇರಬಹುದು. ಆದರೆ ಆ ಹೊತ್ತು ನಾನು ಭಾರವಾಗಲು ಬಯಸಿದೆ. ಅವರ ಬೆರಳುಗಳು ನನ್ನ ಗಿಣ್ಣಿನ ಸುತ್ತ ಬಿಗಿದವು, ಇನ್ನೂ ಬಿಗಿದವು. ಟಕ್ ಎಂದು ನಾನು ಹಲಗೆ ಮುಟ್ಟಿದೆ.

ಅವರು ನಿಂತರು. ಎಸ್‌ಪಿ ಮೇಡಂ ಕೈ ಇಳಿಸುವವರೆಗೂ ನಿಂತರು. ಆರು ತುಕಡಿಗಳು ಬಲಕ್ಕೆ ಮುಖ ತಿರುಗಿಸಿ ಹಾದುಹೋದವು. ಪ್ರತಿ ಸಲವೂ ಆ ಎಳೆತ ಬಂತು, ಪ್ರತಿ ಸಲವೂ ನಾನು ನೆಲದಲ್ಲೇ ಇದ್ದೆ.

ಎಲ್ಲ ಮುಗಿದ ಮೇಲೆ ಮೇಡಂ ನನ್ನ ಮೈಮೇಲಿನ ನಂಬರು ನೋಡಿದರು. "ಇದು ನಮ್ಮ ಇಲಾಖೆ ಲಾಠಿ ಅಲ್ವಾ ಸರ್?"

ಸರ್ ಎಂದದ್ದಕ್ಕೆ ದ್ಯಾಮಣ್ಣ ಹಿಂದೆ ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. "ಹೌದ್ರೀ ಮೇಡಂ" ಎಂದರು. "ಇಬ್ಬರೂ ಒಂದ ತಿಂಗಳ ರಿಟೈರ್ ಆದ್ವಿ."

ಶಾಮಿಯಾನದ ಬಳಿ ಖಾದರಸಾಬ ಏನೂ ತಮಾಷೆ ಮಾಡಲಿಲ್ಲ. "ಬಾ, ಚಹಾ ಕುಡಿಯೋಣು" ಎಂದು ಅವರ ಎಡಗೈಯನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡರು.

ಮನೆಯಲ್ಲಿ ನೀಲವ್ವ ಬಾಗಿಲಿಗೇ ಬಂದಳು. "ಎದ್ದಿತೋ, ಇಲ್ಲೋ?"

ಅವರು ಕುರ್ಚಿಯಲ್ಲಿ ಕುಳಿತು ಬಲಗೈ ಬಿಚ್ಚಿ ತೋರಿಸಿದರು. ಅಂಗೈ ನಡುವೆ ನನ್ನ ಗಿಣ್ಣು ಕೆಂಪಗೆ ಅಚ್ಚೊತ್ತಿತ್ತು, ಒಂದು ಕಡೆ ಚರ್ಮ ಸುಲಿದಿತ್ತು. ನೀಲವ್ವ ಕೊಬ್ಬರಿ ಎಣ್ಣೆ ತಂದು ಮೆಲ್ಲಗೆ ಹಚ್ಚಿದಳು.

ಮರುದಿನ ನಾನು ಎಡಗೈಗೆ ಮರಳಿದ್ದೆ. ಬೀದಿಯಲ್ಲಿ ಜೀಪು ಹಾದಾಗ ಕೈ ಮತ್ತೆ ಎದ್ದಿತು. "ಒಂದ ದಿನ ಕೇಳ್ತಲ್ಲ, ಸಾಕು" ಎಂದು ದ್ಯಾಮಣ್ಣ ನಕ್ಕರು.

ಇದೆಲ್ಲ ಆಗಿ ಐದು ವರ್ಷ. ಈಗ ಅವರು ನಾಲ್ಕು ಕಾಲಿನ ಕಬ್ಬಿಣದ ಚೌಕಟ್ಟು ಹಿಡಿದು ಅಂಗಳದವರೆಗೆ ಹೋಗಿ ಬರುತ್ತಾರೆ. ನಾನು ಬಾಗಿಲ ಹಿಂದಿನ ಮೂಲೆಯಲ್ಲಿ ಹರಿದ ಕೊಡೆಯ ಪಕ್ಕ ನಿಂತಿದ್ದೇನೆ. ಇಲ್ಲಿ ಸದ್ದು ಕಡಿಮೆ, ನೆನೆಯಲು ಹೊತ್ತು ಬಹಳ. ನಾನು ಯಾರ ಯಾರ ಬೆನ್ನ ಮೇಲೆ ಬಿದ್ದೆನೋ, ಆ ಗುರುತುಗಳು ಎಷ್ಟು ದಿನ ಉಳಿದವೋ ನನಗೆ ತಿಳಿಯದು. ಅವರ ಮನೆಗಳಿಗೆ ನಾನು ಹೋದವನಲ್ಲ. ಎಣ್ಣೆ ಹಚ್ಚಿದವರು ಯಾರು ಎಂದೂ ನೋಡಲಿಲ್ಲ. ದ್ಯಾಮಣ್ಣರ ಅಂಗೈಯ ಗುರುತು ಮೂರು ದಿನ ಇತ್ತು. ಮೂರು ದಿನವೂ ನಾನು ಅದನ್ನೇ ನೋಡುತ್ತಿದ್ದೆ.