ಕತ್ತರಿಸಿ ಹೋದ ಅಂಚು

ಬೈಂಡರಣ್ಣ ಅಂಚು ಕತ್ತರಿಸಿ ಸವರಿದ ಪುಸ್ತಕವನ್ನು ಕಣ್ಣು ಮುಚ್ಚಿ ಮುಟ್ಟಿದರೂ ಅವನ ಕೆಲಸವೆಂದು ಗೊತ್ತಾಗುತ್ತಿತ್ತು, ಅಷ್ಟು ನಯ. ಮೂವತ್ತು ವರ್ಷದಿಂದ ಗ್ರಂಥಾಲಯದ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟಿದ ಕೈ. ಒಂದಿಷ್ಟು ಜಂಬವಿತ್ತು, ಇರಲಿ ಬಿಡಿ. ಆ ಜಂಬ ಇಳಿದದ್ದು ಕಲ್ಲು ಒಡೆಯುವವರ ಬೀದಿಯ ಅಜ್ಜಿಯೊಬ್ಬಳು ಅಪರೂಪದ ಪುಸ್ತಕಗಳ ಕೋಣೆಗೆ ಬಂದ ದಿನ.

“ನಮ್ಮ ಬೀದಿ ಶಾಲೆ ಕಟ್ಟಿದಾಗ ಬರೆದಿಟ್ಟ ಪುಸ್ತಕ ಇಲ್ಲಿದೆಯಂತಲ್ಲಪ್ಪಾ, ಒಂಚೂರು ತೋರಿಸು,” ಎಂದಳು. “ಅದರಲ್ಲಿ ನಮ್ಮಪ್ಪನ ಹೆಬ್ಬೆಟ್ಟಿದೆ. ನಾನು ಹೊಟ್ಟೆಯಲ್ಲಿದ್ದಾಗಲೇ ಹೋದ ಪುಣ್ಯಾತ್ಮ. ಫೋಟೋ ಗೀಟೋ ಏನೂ ಇಲ್ಲ. ಅದೊಂದನ್ನಾದ್ರೂ ನೋಡಿ ಸಾಯ್ತೀನಿ.”

ಬೈಂಡರಣ್ಣ ಖುಷಿಯಿಂದಲೇ ತಂದಿಟ್ಟ. ತಾನೇ ಕಟ್ಟಿದ ಪುಸ್ತಕವಲ್ಲವೇ! ಎಂಬತ್ತು ವರ್ಷದ ಹಿಂದೆ ಬೀದಿಯವರೆಲ್ಲ ಸೇರಿ ಶಾಲೆ ಎಬ್ಬಿಸಿದ ಕಥೆ ಅದರಲ್ಲಿತ್ತು: ಜಾಗ ಯಾರು ಬಿಟ್ಟುಕೊಟ್ಟರು, ಸುಣ್ಣ ಎಲ್ಲಿ ಬೆಂದಿತು, ಮಳೆಗೆ ಗೋಡೆ ಬಿದ್ದಾಗ ಎಷ್ಟು ಜಗಳವಾಯಿತು. ಪ್ರತಿ ಪುಟದ ಕೆಳಗೆ ಐದಾರೇ ಸಹಿ ಇವೆ ಎಂದ.

“ಸಹಿ ಅಕ್ಷರ ಬಲ್ಲೋರದು,” ಎಂದಳು ಅಜ್ಜಿ. “ಹೆಬ್ಬೆಟ್ಟಿನೋರಿಗೆ ಪುಟದ ಅಂಚಲ್ಲಿ ಜಾಗವಂತೆ. ಹಗಲೆಲ್ಲ ಕಲ್ಲು ಹೊತ್ತು, ಸಂಜೆ ಸಾಲಾಗಿ ನಿಂತು ಒತ್ತುತ್ತಿದ್ರು ಅಂತ ಅಮ್ಮ ಹೇಳ್ತಿದ್ಲು.”

ಬೈಂಡರಣ್ಣ ಪುಟದ ಅಂಚು ನೋಡಿದ. ಅಂಚು! ಕೆಲಸಕ್ಕೆ ಸೇರಿದ ಹೊಸದರಲ್ಲಿ, ಪಸೆ ತಗುಲಿ ಹರಡಿದ್ದ ಆ ಹೆಬ್ಬೆಟ್ಟುಗಳನ್ನು ಮಸಿಯ ಕಲೆ ಎಂದುಕೊಂಡು ಎರಡು ಬೆರಳಗಲ ಕತ್ತರಿಸಿ ಹಾಕಿದ್ದ. ಚೂರುಗಳನ್ನು ಒಲೆಗೆ ತುರುಕಿ ಅದರಲ್ಲೇ ಅಂಟು ಕಾಯಿಸಿದ್ದ. ಅಯ್ಯೋ, ಪಾಪಿ ಕೈಯೇ!

ಅಜ್ಜಿ ಅಂಚಿನ ಮೇಲೆ ಬೆರಳಾಡಿಸಿದಳು. “ಎಷ್ಟು ನಯವಾಗಿದೆ! ಯಾರೋ ಜೋಪಾನವಾಗಿ ಇಟ್ಟಿದ್ದಾರೆ. ನನಗೆ ಕಣ್ಣು ಮಂಜು. ಎಲ್ಲಿದೆ, ತೋರಿಸಪ್ಪಾ.”

ಯಾವುದೋ ಒಂದು ಕಲೆ ತೋರಿಸಿದ್ದರೂ ನಂಬುತ್ತಿದ್ದಳು. ಸುಳ್ಳು ನಾಲಿಗೆಯ ತುದಿಗೂ ಬಂತು. ಒಮ್ಮೆ ಕತ್ತರಿಸಿದ್ದು ಸಾಲದೇನೋ ಎಂದು ತನ್ನನ್ನೇ ಬೈದುಕೊಂಡ.

“ಇಲ್ಲ ಅಜ್ಜಿ. ನಾನೇ ಕತ್ತರಿಸಿಬಿಟ್ಟೆ, ಕಲೆ ಅಂದ್ಕೊಂಡು. ಎಲ್ಲರದ್ದೂ.”

ಅಜ್ಜಿ ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪುಸ್ತಕ ಮುಚ್ಚಿ ಅವನ ಕಡೆ ಸರಿಸಿದಳು.

“ಹಾಗಾದ್ರೆ ಸಹಿ ಹಾಕಿದೋರೇ ಶಾಲೆ ಕಟ್ಟಿದ್ರು ಅಂತಾಯ್ತು,” ಎಂದಳು. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಮೆಲ್ಲಗೆ ಮೆಟ್ಟಿಲಿಳಿದಳು.