ಫರ್ಸಿಯ ಸದ್ದು

ಬೆಳಿಗ್ಗೆ ಹನ್ನೊಂದೂಕಾಲಿಗೆ ಪೆಟ್ಟಿಗೆಯ ನಾಲ್ಕನೆಯ ದೀಪ ಹಸಿರಾಯಿತು, ಶಹಾಬಾದದ ಸೇಠರ ಮನೆಗೂ ಊರಾಚೆಯ ಅವರ ಕಲ್ಲಿನ ಕಾರ್ಖಾನೆಗೂ ತಂತಿಯಿಲ್ಲದೆ ಸಂಪರ್ಕ ಬಂತು, ಅದೇ ಗಳಿಗೆಗೆ ಆ ತುದಿಯಲ್ಲಿ, ಕಾರ್ಖಾನೆಯ ಆಫೀಸಿನ ಮಾಳಿಗೆ ಹತ್ತಿದ್ದ ಜೊತೆಗಾರ ಜಿಲಾನಿಯ ಮಾತು ನಿಂತಿತು. ಇತ್ತ ಸೇಠರ ಮನೆಯ ಮಾಳಿಗೆಯ ಮೇಲೆ ನೀರಿನ ಟಾಕಿಗೆ ಬೆನ್ನು ಕೊಟ್ಟು ಅದರ ನೆರಳಿನಲ್ಲಿ ಕುಳಿತ ದೇವಾನಂದ ಫೋನನ್ನು ಇನ್ನೂ ಕಿವಿಗೆ ಒತ್ತಿಕೊಂಡೇ ಇದ್ದಾನೆ, ಜಿಲಾನಿ, ಏ ಜಿಲಾನಿ — ಒಳಗೆ ಬರೀ ಗಾಳಿ, ಅದಕ್ಕೆ ಮೊದಲು ಏನೋ ಮುರಿದಂತೆ, ಇಲ್ಲ, ಫೋನು ಕೈಜಾರಿರಬೇಕು, ಅವನ ಕೈ ಯಾವಾಗಲೂ ಬೆವರುತ್ತದೆ, ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ಮೈನಸ್ ಅರವತ್ತೆರಡಕ್ಕೆ ನಿಂತಿದೆ, ಅಲುಗುತ್ತಿಲ್ಲ, ಬಂತಲ್ಲೋ ದೇವಾನಂದ, ಭಾಳ ಛಲೋ ಆತು ನೋಡು, ತಲೆಗೆ ಟವೆಲು ಸುತ್ತಿಕೊಂಡು ಹಿಂದೆ ನಿಂತ ನಂದಕಿಶೋರ ಸೇಠರ ದನಿ, ಇನ್ನ ಮನ್ಯಾಗ ಕುಂತೇ ಕಾರ್ಖಾನಿ ಕಾಯಬಹುದು, ಹೌದ್ರಿ ಸೇಠ್ ಎಂದದ್ದು ತನ್ನದೇ ಬಾಯಿ.

ಫೋನು ಕಟ್ಟಾಯಿತು. ಮತ್ತೆ ಹಚ್ಚಿದರೆ ರಿಂಗ್ ಆಗುತ್ತದೆ, ಯಾರೂ ಎತ್ತುವುದಿಲ್ಲ. ಮುಂಜಾನೆ ಇಬ್ಬರೂ ಸೇರಿ ಎರಡೂ ಪೆಟ್ಟಿಗೆಗಳನ್ನು ಸೇಠರ ಪಡಸಾಲೆಯಲ್ಲಿ ಎದುರುಬದುರು ಇಟ್ಟು ಹೊಂದಿಸಿದ್ದರು, ಹಾಗೆಯೇ ಮಾಡಬೇಕು, ಮೇಲೆ ಹತ್ತಿದ ಮೇಲೆ ಬಿಸಿಲಿಗೆ ಲ್ಯಾಪ್‌ಟಾಪಿನ ತೆರೆ ಸರಿಯಾಗಿ ಕಾಣುವುದಿಲ್ಲ, ಎರಡಕ್ಕೂ ಒಂದೇ ಚಾನೆಲ್, ಒಂದು ಕೊಡುವುದು, ಇನ್ನೊಂದು ತೆಗೆದುಕೊಳ್ಳುವುದು, ಪಾಸ್‌ವರ್ಡ್ ಏನಿಡೋಣಲೇ, ನೂರಜಹಾನ್ ಅಂತ ಇಡು ದೇವಾ, ಶಾದಿ ಆಗಿ ಮೂರು ತಿಂಗಳಾತು, ಆಕಿ ಹೆಸರಿಲೆ ಗೇಣು ಜಾಗಾ ಇಲ್ಲ, ಪಾಸ್‌ವರ್ಡರ ಇರ್ಲಿ — ಜಿಲಾನಿ ನಗುತ್ತಲೇ ತನ್ನ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕಾರ್ಖಾನೆಗೆ ಹೋದ. ಅಲ್ಲಿ ಮುಟ್ಟಿದ ಮೇಲೆ ಫೋನು, ಗೇಟಿಗೆ ಕ್ಯಾಮರಾ ಬಡಿದೆ, ಆಫೀಸಿನ ಬಾಗಿಲಿಗೆ ಮಾರಿ ಮಾಡಿ ಇಟ್ಟೀನಿ, ನಿಚ್ಚಣಿಕಿ ಬುಡಕ ಚಪ್ಪಲಿ ಬಿಟ್ಟೀನಿ, ಮೊದಲ ಅವನ್ನ ಕಾಯಂತ ಹೇಳು ನಿನ್ನ ಕ್ಯಾಮರಾಕ್ಕ, ಹ್ವಾದ ಶುಕ್ರವಾರ ಮಸೂತಿ ಮುಂದ ಒಂದ್ ಜೋಡಿ ಹೋದ್ವು.

ಆಫೀಸಿನ ಮಾಳಿಗೆ ಹಳೆಯದು, ಕಬ್ಬಿಣದ ತೊಲೆಗಳ ಮೇಲೆ ಉದ್ದುದ್ದ ಫರ್ಸಿ, ತೆಳು ಕಲ್ಲಿನ ಚಪ್ಪಡಿ, ಹಾಸಿದ್ದು, ಗಾರೆ ಎದ್ದುಹೋಗಿದೆ. ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದ ದೇವಾನಂದನ ಅಪ್ಪ ಮಾಣಿಕಪ್ಪ ಫರ್ಸಿಯ ಮಾಳಿಗೆಗೆ ಹತ್ತಿದಾಗೆಲ್ಲ ಬಗ್ಗಿ ಸುತ್ತಿಗೆಯಿಂದ ಬಡಿಯುತ್ತಿದ್ದ, ಠಣ್ ಅಂದ್ರ ಗಟ್ಟಿ, ದಬ್ ಅಂದ್ರ ಒಳಗ ಸೀಳ್ಯದ, ಕಾಲಿಡಬ್ಯಾಡ ತಮ್ಮಾ. ವಾಡಿಯ ಜಿಲಾನಿಗೆ ಅದನ್ನು ಕಲಿಸಿದವನು ದೇವಾನಂದನೇ. ಇವತ್ತೂ ಬಡಿದ, ನಟ್ಟು ಬಿಗಿಯುವ ಪಾನಾದಿಂದ, ಫೋನು ಕಲ್ಲಿಗೆ ಹಿಡಿದು, ಕೇಳು ದೇವಾ, ಹೆಂಗದ, ಮೊದಲನೆಯದು ಠಣ್ ಅಂದಿತು, ಗಟ್ಟಿ ಅದ ಬಾ, ಎರಡನೆಯದೂ ಠಣ್. ಪೆಟ್ಟಿಗೆ ಕೂರಿಸಿದ ಪೈಪು ಅಂಚಿನ ಗೋಡೆಗೆ ಬಿಗಿದಾಗಿತ್ತು, ಪೆಟ್ಟಿಗೆಯ ಮುಖ ಮಾತ್ರ ಇತ್ತ ತಿರುಗಬೇಕು, ಸಿಗ್ನಲ್ ಮೈನಸ್ ಎಂಬತ್ತನಾಲ್ಕರಲ್ಲೇ ಒದ್ದಾಡುತ್ತಿತ್ತು, ಅಂಕಿ ಇಳಿದಷ್ಟೂ ಒಳ್ಳೆಯದು, ನಟ್ಟು ಆ ಬದಿಗದ, ಆ ಕಡಿ ಫರ್ಸಿ ಮ್ಯಾಲ ನಿಂತೇ ತಿರುವಬೇಕು, ತಡಿ, ಬಡೀತೀನಿ, ಸೇಠರು ಇತ್ತ ಎಷ್ಟೊತ್ತಪಾ ನಿಮ್ದು ಅಂದರು, ಫೋನಿನಲ್ಲಿ ದಬ್ ಅಂದಿತು. ಹೆಂಗದ? ಗಾಳಿ ಇತ್ತು, ಮೊಬೈಲಿನೊಳಗೆ ಎಲ್ಲ ಸದ್ದೂ ಮಂದವೇ, ಹಾಗಂದುಕೊಂಡ ದೇವಾನಂದ, ಕಣ್ಣು ಅಂಕಿಯ ಮೇಲಿತ್ತು, ಸರಿ ಅದ, ಸರಿ ಅದ, ಮುಂದ ಹೋಗು. ಎಡಕ್ಕ, ಇನ್ನೊಂಚೂರು, ಎಪ್ಪತ್ತು, ಅರವತ್ತೈದು, ಹಾಂ ನಿಂದ್ರು, ಬಿಗಿ. ಬಿಗಿ ಆತು ದೇವಾ. ಆಮೇಲೆ ಆ ಮುರಿದ ಸದ್ದು. ಮೊಬೈಲಿನಲ್ಲಿ ಎಲ್ಲವೂ ಮಂದವಾಗಿದ್ದರೆ — ಅದೇ ಮೊಬೈಲು, ಅದೇ ಗಾಳಿ, ಅದೇ ಪಾನಾ, ಮೊದಲ ಎರಡು ಠಣ್ ಅಂದಿದ್ದವು.

ಕ್ಯಾಮರಾದ ಚಿತ್ರ ಬರಲಿಲ್ಲಲ್ಲೋ, ಸೇಠರು ಬಗ್ಗುತ್ತಾರೆ, ಬರ್ತದ್ರಿ, ಬೆರಳುಗಳು ತಾವಾಗಿ ಒತ್ತುತ್ತವೆ, ತೆರೆ ಮೇಲಿನಿಂದ ಕೆಳಗೆ ಒಂದೊಂದೇ ಪಟ್ಟಿಯಾಗಿ ತುಂಬುತ್ತದೆ, ಆಕಾಶ, ಅಂಚಿನಲ್ಲಿ ನೆಟ್ಟಗೆ ನಿಂತ ಪೈಪು, ಪೈಪಿನ ಬದಿಯಲ್ಲಿ ಯಾರೂ ಇಲ್ಲ, ಗೋಡೆ, ನಿಚ್ಚಣಿಕೆ, ನಿಚ್ಚಣಿಕೆಯ ಬುಡದಲ್ಲಿ ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಒಂದರ ಪಕ್ಕ ಒಂದು, ಮಸೀದಿಯ ಮುಂದೆ ಬಿಟ್ಟಂತೆ. ಆಫೀಸಿನ ಬಾಗಿಲಿನಿಂದ ಧೂಳು ಹೊರಬರುತ್ತಿದೆ. ಕಾವಲುಗಾರ ಮಡಿವಾಳಯ್ಯ ಒಳಗೆ ಓಡುತ್ತಾನೆ, ಹಿಂದೆ ಇನ್ನು ಮೂವರು, ನಾಲ್ವರೂ ಹೊತ್ತುಕೊಂಡು ಹೊರಗೆ ಬರುತ್ತಾರೆ, ನಡುವೆ ತೂಗುವ ಒಂದು ಕೈ, ಚಿತ್ರಕ್ಕೆ ದನಿಯಿಲ್ಲ. ಅಯ್ಯಯ್ಯ, ಸೇಠರ ದನಿ, ಏನದು, ಫರ್ಸಿ ಒಡೀತೇನೋ. ಫೋನು ಬಡಿದುಕೊಳ್ಳುತ್ತದೆ, ಮಡಿವಾಳಯ್ಯ, ದೇವಾನಂದಾ ಲಗೂನ ಬಾ, ಜೀಪಿನ್ಯಾಗ ಹಾಕೀವಿ, ಗುಲ್ಬರ್ಗಾಕ್ಕ ಒಯ್ಲಿಕತ್ತೀವಿ, ಮಾತಾಡವಲ್ಲ, ಅವನ ಹೆಂಡತಿ ನಂಬರ್ ಅದ ಏನು ನಿನ್ನ ಹತ್ರ — ನೂರಜಹಾನ್, ಸಣ್ಣ ಅಕ್ಷರ, ನಡುವೆ ಜಾಗ ಬಿಡದೆ, ಪಾಸ್‌ವರ್ಡಾಗಿ ಇವತ್ತು ಎರಡು ಸಲ ಒತ್ತಿದ್ದಾನೆ. ಏಳಬೇಕು, ಗಾಡಿಯ ಕೀಲಿ ಕಿಸೆಯಲ್ಲೇ ಇದೆ, ಏಳಬೇಕು, ಜೀಪು ಚಿತ್ರದಿಂದ ಆಚೆ ಹೋಯಿತು, ಧೂಳು ಕುಳಿತಿತು, ನೀಲಿ ಪಟ್ಟಿ, ಒಂದರ ಪಕ್ಕ ಒಂದು, ಮೊದಲ ಅವನ್ನ ಕಾಯಂತ ಹೇಳು, ನಿಚ್ಚಣಿಕೆಯ ಬುಡ, ಚಪ್ಪಲಿ.

ಜಿಲಾನಿ ಗುಲ್ಬರ್ಗಾ ಮುಟ್ಟುವ ಮೊದಲೇ ತೀರಿಕೊಂಡ. ಸಂಜೆಯವರೆಗೂ ಸಿಗ್ನಲ್ ಒಮ್ಮೆಯೂ ಕಡಿಯಲಿಲ್ಲ, ಚಪ್ಪಲಿಗಳು ಅಲ್ಲೇ ಇದ್ದವು.